ಸಿಂಗಪುರದ ಸಿಲೋಸೋ ಕೋಟೆ: ಹೋಗುವುದು ಹೇಗೆ, ಅಲ್ಲಿ ನೋಡಬೇಕಾದ್ದೇನು?

ಹಂಪಾಪುರದ ಕಿಟ್ಟಿ
ಮುಂದಿನ ತಿಂಗಳು ಸಿಂಗಪುರ ಪ್ರವಾಸ. ಸೆಂಟೋಸಾ ದ್ವೀಪಕ್ಕೆ ಒಂದು ದಿನ ಇಟ್ಟಿದ್ದೇವೆ. ಮನೆಯವರೆಲ್ಲ ಯೂನಿವರ್ಸಲ್ ಸ್ಟುಡಿಯೋ ಅಂತಿದ್ದಾರೆ, ಅಪ್ಪನಿಗೂ ನನಗೂ ಮಾತ್ರ ಸಿಲೋಸೋ ಕೋಟೆಯ ಫಿರಂಗಿಗಳನ್ನು ನೋಡಬೇಕು. ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಟಿಕೆಟ್ ಎಷ್ಟು, ಎಷ್ಟು ಹೊತ್ತು ಬೇಕು? ಎದುರು ದಡದ ಲ್ಯಾಬ್ರಡಾರ್ ಪಾರ್ಕನ್ನೂ ಅದೇ ದಿನ ಸೇರಿಸಬಹುದಾ? ಇನ್ನೊಂದು: "ಸಿಂಗಪುರದ ಫಿರಂಗಿಗಳೆಲ್ಲ ತಪ್ಪು ದಿಕ್ಕಿಗೆ ಮುಖ ಮಾಡಿದ್ದವು, ಅದಕ್ಕೇ 1942ರಲ್ಲಿ ಊರು ಜಪಾನೀಯರ ಕೈಗೆ ಬಿತ್ತು" ಅಂತ ಹೋದಲ್ಲೆಲ್ಲ ಓದ್ತೀನಿ. ಅದು ನಿಜವೇ?

ಬೂನ್‌ಲೇ ಭಟ್ಟ
ಕೋಟೆಗೆ ಟಿಕೆಟ್ ಇಲ್ಲ, ಪ್ರವೇಶ ಉಚಿತ. ದುಡ್ಡು ಬೀಳೋದು ದ್ವೀಪಕ್ಕೆ ದಾಟೋದಕ್ಕೆ. ಹಾರ್ಬರ್‌ಫ್ರಂಟ್ ಎಂಆರ್‌ಟಿ (ಮೆಟ್ರೊ) ನಿಲ್ದಾಣದಲ್ಲಿ ಇಳಿದು ವಿವೋಸಿಟಿ ಮಾಲ್ ಮೂಲಕ ಸೆಂಟೋಸಾ ಎಕ್ಸ್‌ಪ್ರೆಸ್ ಹಿಡಿಯಬಹುದು. ನಡೆಯುವವರಿಗೆ ಪಕ್ಕದಲ್ಲೇ ಬೋರ್ಡ್‌ವಾಕ್ ಇದೆ. ದ್ವೀಪದ ಒಳಗಿನ ಬಸ್ಸುಗಳಿಗೆ ಕಾಸಿಲ್ಲ. ಸಿಲೋಸೋ ಪಾಯಿಂಟ್‌ಗೆ ಹೋಗುವ ಬಸ್ ಹತ್ತಿ. ಕೋಟೆ ಇರೋದು ದ್ವೀಪದ ಪಶ್ಚಿಮದ ತುದಿಯಲ್ಲಿ.

ಮಂಡಿನೋವಿನವರಿಗೆ ಒಳ್ಳೇ ಸುದ್ದಿ ಅಂದ್ರೆ 2015ರಲ್ಲಿ ಶುರುವಾದ ಸ್ಕೈವಾಕ್. ಹನ್ನೊಂದು ಅಂತಸ್ತಿನ ಎತ್ತರ, ಉದ್ದ 181 ಮೀಟರ್, ಮೇಲಕ್ಕೆ ಲಿಫ್ಟ್ ಇದೆ. ಲಿಫ್ಟಿನಲ್ಲಿ ಹೋಗಿ ಮರಗಳ ತಲೆಯ ಮೇಲೆ ನಡೆದರೆ ನೇರ ಗುಡ್ಡದ ಮೇಲೇ ಇಳಿಸುತ್ತೆ. ಅಪ್ಪನಿಗೆ ಏರಿನ ದಾರಿ ಪೂರಾ ತಪ್ಪುತ್ತೆ. ನೆಲದಲ್ಲಿ ಅಲ್ಲಲ್ಲಿ ಗಾಜಿನ ತುಂಡುಗಳಿವೆ, ಎತ್ತರಕ್ಕೆ ಹೆದರುವವರು ಬದಿಗೆ ಕಾಲಿಡಲಿ. ಗುಡುಗು ಮಿಂಚು ಬಂದರೆ ಸೇತುವೆ ಬಂದ್ ಆಗಬಹುದು. ಸಿಂಗಪುರದ ಮಳೆ ಬಹಳ ಸಲ ಮಧ್ಯಾಹ್ನದ ಮೇಲೆ ಸುರಿಯೋದು, ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವಾಗಲೇ ಅಲ್ಲಿರಿ. ಹೊರಡುವ ಮುಂಚೆ ಅವತ್ತಿನ ವೇಳೆ ಒಮ್ಮೆ ನೋಡಿಕೊಳ್ಳಿ.

ಎರಡು ಗಂಟೆ ಸಾಕು ಅಂತಾರೆ. ಫೋಟೋ ಮಾತ್ರ ಹೊಡೆಯೋದಾದ್ರೆ ಹೌದು. ಫಲಕ ಓದಿ ಸುರಂಗಕ್ಕೆ ಇಳಿಯೋದಾದ್ರೆ ಮೂರು ಇಟ್ಟುಕೊಳ್ಳಿ. ಗುಡ್ಡದ ಮೇಲೆ ಅಂಗಡಿ ಹುಡುಕುವ ಬದಲು ತಲೆಗೆ ಒಂದೊಂದು ಲೀಟರ್ ನೀರು ಹಿಡಿದು ಹೊರಡಿ. ಸೊಳ್ಳೆಗೆ ಓಡೋಮಾಸ್ ಜಾತಿಯದ್ದೇನಾದರೂ ಹಚ್ಚಿಕೊಳ್ಳಿ.

ತೋಪುಖಾನೆ
ಭಟ್ಟರು ದಾರಿ ಹೇಳಿದರು, ನಾನು ನೋಟ ಹೇಳ್ತೀನಿ. ಸಿಲೋಸೋದಲ್ಲಿ ಬಹಳ ಜನ ಮಾಡೋದು ಇಷ್ಟೇ: ನಳಿಗೆ ಪಕ್ಕ ನಿಂತು ಫೋಟೋ, ಮುಂದಿನ ನಳಿಗೆ, ಮತ್ತೊಂದು ಫೋಟೋ. ನಳಿಗೆ ಕೋಟೆಯ ಕೊನೆಯ ಹತ್ತನೇ ಒಂದು ಪಾಲು. ಅದರ ಹಿಂದೆ ಮದ್ದಿನ ಮನೆ, ಗುಂಡು ಎತ್ತುವ ವ್ಯವಸ್ಥೆ, ದೂರ ಅಳೆಯುವ ಠಾಣೆ, ಸರ್ಚ್‌ಲೈಟು, ಅದಕ್ಕೆ ಕರೆಂಟು ಕೊಡುವ ಎಂಜಿನ್ ಮನೆ ಇವೆಲ್ಲ ಕೂಡಿದರೆ ಮಾತ್ರ ಅದು ಕರಾವಳಿ ಬ್ಯಾಟರಿ, ಅಂದ್ರೆ ಫಿರಂಗಿ ಠಾಣೆ. ಇಲ್ಲದಿದ್ದರೆ ಬರೀ ಕಬ್ಬಿಣದ ಕೊಳವೆ.

ಈ ಕೋಟೆ ಎರಡು ಕಾಲದ್ದು, ಅದನ್ನು ತಲೆಯಲ್ಲಿಟ್ಟುಕೊಂಡು ನೋಡಿ. ಮೊದಲನೆಯದು 1870-80ರ ದಶಕದ್ದು. ಆಗಿನವು ಬಾಯಿಂದ ಮದ್ದು ತುಂಬುವ 7 ಇಂಚಿನ (ನಳಿಗೆಯ ಒಳವ್ಯಾಸ) ಫಿರಂಗಿಗಳು. ಸಿಲೋಸೋದಲ್ಲಿ ಈ ಜಾತಿಯವು ಈಗಲೂ ಇವೆ. ನಳಿಗೆಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಒಳಗೆ ಅಗಲವಾದ ಮೂರು ಕಾಲುವೆಗಳು ತಿರುಚಿಕೊಂಡು ಹೋಗಿರುತ್ತವೆ. ಗುಂಡಿನ ಮೈಮೇಲೆ ಮೃದು ಲೋಹದ ಗುಬುಟುಗಳು. ಗುಂಡನ್ನು ಬಾಯಿಂದ ತಳ್ಳುವಾಗ ಆ ಗುಬುಟುಗಳನ್ನು ಕಾಲುವೆಗೆ ಸರಿಯಾಗಿ ಕೂರಿಸಿ ತಿರುಗಿಸುತ್ತಾ ಒಳಗೆ ಕಳಿಸಬೇಕು. ಸುಮಾರು 50 ಕಿಲೋ ಭಾರ, ಅದೂ ಕೋಟೆಗೋಡೆಯ ಅಂಚಿನಲ್ಲಿ ಶತ್ರುವಿಗೆ ಕಾಣುವ ಹಾಗೆ ನಿಂತು. ಬಾಯಿಂದ ತುಂಬುವ ಫಿರಂಗಿಯ ದೊಡ್ಡ ದೌರ್ಬಲ್ಯ ಇದೇ. ಪ್ರತಿ ಸುತ್ತಿಗೂ ಆಳುಗಳು ಮರೆ ಬಿಟ್ಟು ಮುಂದೆ ಬರಬೇಕು.

ಫಿರಂಗಿ ಕೆಳಗಿನ ನೆಲ ನೋಡಲು ಮರೆಯಬೇಡಿ. ಬಿಲ್ಲಿನಂತೆ ಬಾಗಿದ ಕಬ್ಬಿಣದ ಹಳಿಗಳಿರುತ್ತವೆ. ಇಡೀ ಗಾಡಿ ಆ ಹಳಿಯ ಮೇಲೆ ಚಕ್ರದಲ್ಲಿ ಎಡಬಲಕ್ಕೆ ಸರಿಯೋದು. ಹಳಿ ಎಲ್ಲಿಂದ ಎಲ್ಲಿಯವರೆಗೆ ಇದೆ ಅನ್ನೋದೇ ಆ ಫಿರಂಗಿ ಎಲ್ಲೆಲ್ಲಿಗೆ ಗುರಿ ಇಡಬಲ್ಲದು ಅನ್ನೋದಕ್ಕೆ ಉತ್ತರ. ಫಲಕ ಓದುವ ಮುಂಚೆ ಹಳಿ ಓದಿ.

ಮಲೆನಾಡ್ ಮಿಣುಕು
ತೋಪುಖಾನೆ ಸರ್, ಮದ್ದಿನ ಮನೆಯ ವಿಷಯ ಬಿಡಿಸಿ ಹೇಳಿ. ಅಲ್ಲಿ ಗೋಡೆಯಲ್ಲಿ ಗಾಜಿನ ಗೂಡುಗಳಿರುತ್ತವಲ್ಲ, ಅವು ಯಾಕೆ?

ತೋಪುಖಾನೆ
ಒಳ್ಳೇ ಪ್ರಶ್ನೆ ಮೇಡಂ, ಅದೇ ನನಗೆ ಅತ್ಯಂತ ಇಷ್ಟದ ಭಾಗ.

ಆಗ ಬೆಳಕು ಅಂದ್ರೆ ಎಣ್ಣೆ ದೀಪ. ಕಪ್ಪು ಮದ್ದು ಕಿಡಿ ತಾಕಿದರೆ ಮುಗೀತು. ದೀಪವಿಲ್ಲದೆ ನೆಲದಡಿಯಲ್ಲಿ ಕೆಲಸ ಸಾಗದು, ದೀಪ ಒಳಗೆ ತರುವ ಹಾಗೂ ಇಲ್ಲ. ಹಾಗಾಗಿ ಮದ್ದಿನ ಕೋಣೆಯ ಗೋಡೆಯಾಚೆ ಒಂದು ಇಕ್ಕಟ್ಟಿನ ಓಣಿ ಕಟ್ಟುತ್ತಿದ್ದರು, ದೀಪದವನು ಓಡಾಡುವುದಕ್ಕೇ ಮೀಸಲು. ಗೋಡೆಯಲ್ಲಿ ಗೂಡು, ಮದ್ದಿನ ಕಡೆಗೆ ದಪ್ಪ ಗಾಜು ಬಿಗಿದದ್ದು. ದೀಪ ಓಣಿಯ ಕಡೆಯಿಂದ ಗೂಡಿನೊಳಗೆ ಕೂರುತ್ತೆ, ಬೆಳಕಷ್ಟೇ ಗಾಜು ದಾಟುತ್ತೆ. ಓಣಿಗೆ ಮದ್ದಿನ ಕೋಣೆಯಿಂದ ಬಾಗಿಲೇ ಇರೋದಿಲ್ಲ.

ಮದ್ದಿನ ಕೋಣೆಗೆ ಹೋಗುವವರು ಮೊದಲು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲ್ಲಬೇಕು. ಮೊಳೆ ಹೊಡೆದ ಬೂಟು ಬಿಚ್ಚಬೇಕು, ಜೇಬಿನ ಬೆಂಕಿಪೊಟ್ಟಣ, ಪೈಪು, ಚಾಕು ಎಲ್ಲ ಆಚೆ ಇಟ್ಟು ಲೋಹದ ಗುಂಡಿಯಿಲ್ಲದ ಅಂಗಿ ತೊಡಬೇಕು. ಒಳಗಿನ ತಿರುಗಣಿ, ಚಿಲಕ ಹಿತ್ತಾಳೆ ಇಲ್ಲವೇ ತಾಮ್ರದವು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಕಿಡಿ, ಅದಕ್ಕೆ. ಗುಂಡಿನ ಕೋಣೆ ಬೇರೆ, ಮದ್ದಿನ ಕೋಣೆ ಬೇರೆ, ಎರಡೂ ಮೇಲೆ ಫಿರಂಗಿ ಪಕ್ಕ ಬಂದಾಗಲೇ ಸೇರೋದು.

ಇನ್ನೊಂದು ಶತ್ರು ತೇವ. ಸಿಂಗಪುರದಂಥ ಹವೆಯಲ್ಲಿ ತೇವ ಹಿಡಿದ ಮದ್ದು ಸಮನಾಗಿ ಉರಿಯೋದಿಲ್ಲ, ಗುಂಡು ಹತ್ತಿರವೇ ಬೀಳುತ್ತೆ. ಗೋಡೆ ಎರಡು ಪದರ ಕಟ್ಟಿ ನಡುವೆ ಗಾಳಿ ಆಡಲು ಬಿಡೋದು ಇದಕ್ಕೇ. ಸುರಂಗದಲ್ಲಿ ಗಾಳಿಕಿಂಡಿ ಕಂಡರೆ ಅದು ಮನುಷ್ಯರಿಗೆ ಎಷ್ಟೋ ಮದ್ದಿಗೂ ಅಷ್ಟೇ ಅಂತ ತಿಳ್ಕೊಳ್ಳಿ.

ಗಣಿತದ ಮೇಷ್ಟ್ರು
ದೂರ ಅಳೆಯುವ ಠಾಣೆಯ ಬಗ್ಗೆ ನಾನು ಸೇರಿಸ್ತೀನಿ, ಹೈಸ್ಕೂಲ್ ತ್ರಿಕೋನಮಿತಿ ಸಾಕು.

ಕರಾವಳಿ ಕೋಟೆಗೆ ಹಡಗಿನವರಿಗಿಲ್ಲದ ಒಂದು ಅನುಕೂಲ: ತಾನು ಸಮುದ್ರದಿಂದ ಎಷ್ಟು ಎತ್ತರದಲ್ಲಿದ್ದೇನೆ ಅನ್ನೋದು ಗೊತ್ತು. ದೂರದರ್ಶಕವನ್ನು ಹಡಗು ನೀರಿಗೆ ತಾಗುವ ಗೆರೆಗೆ ಇಳಿಸಿ ಹಿಡಿದರೆ ಕೆಳಮುಖದ ಕೋನ ಸಿಗುತ್ತೆ. ಎತ್ತರವನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿದರೆ ದೂರ. ಉಪಕರಣ 50 ಮೀಟರ್ ಎತ್ತರದಲ್ಲಿ, ಹಡಗು 5 ಕಿ.ಮೀ. ಆಚೆ ಇದ್ದರೆ ಕೋನ ಬರೀ 0.57 ಡಿಗ್ರಿ. ಎಷ್ಟು ಸೂಕ್ಷ್ಮ ನೋಡಿ.

ಈಗ ಎಡವಟ್ಟಾಗೋದು ಎಲ್ಲಿ? ಉಬ್ಬರವಿಳಿತ. ಸಿಂಗಪುರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ 3 ಮೀಟರಿನಷ್ಟು ವ್ಯತ್ಯಾಸ ಬರುತ್ತೆ. ನೀರು 3 ಮೀಟರ್ ಇಳಿದಿದೆ, ಉಪಕರಣ ಇನ್ನೂ 50ಕ್ಕೇ ಕೂತಿದೆ ಅನ್ನಿ. ನಿಜವಾದ ಎತ್ತರ 53. ಅದು ತೋರಿಸುವ ದೂರ 5,000ದ ಬದಲು ಸುಮಾರು 4,720 ಮೀಟರ್. 280 ಮೀಟರ್ ಮುಂಚೆಯೇ ಗುಂಡು ನೀರಿಗೆ. ಅದಕ್ಕೇ ಇಂಥ ಠಾಣೆಗಳಲ್ಲಿ ಉಬ್ಬರದ ಅಳತೆ ನೋಡಿ ಉಪಕರಣ ತಿದ್ದುತ್ತಲೇ ಇರಬೇಕಿತ್ತು. ಭೂಮಿಯ ಬಾಗು ಬೇರೆ: 5 ಕಿ.ಮೀ.ಗೆ ಸಮುದ್ರ ಸುಮಾರು 2 ಮೀಟರ್ ಕೆಳಗಿಳಿದಿರುತ್ತೆ, ಅದನ್ನೂ ಸೇರಿಸಬೇಕು.

ದೂರ ಸರಿಯಾಗಿ ಸಿಕ್ಕರೂ ಹಡಗು ನಿಂತಿರೋದಿಲ್ಲ. 20 ನಾಟ್ ಅಂದ್ರೆ ಸೆಕೆಂಡಿಗೆ 10 ಮೀಟರಿಗಿಂತ ಸ್ವಲ್ಪ ಹೆಚ್ಚು. ಗುಂಡು 25 ಸೆಕೆಂಡು ಗಾಳಿಯಲ್ಲಿದ್ದರೆ ಅಷ್ಟರಲ್ಲಿ ಹಡಗು 250 ಮೀಟರ್ ದಾಟಿರುತ್ತೆ. ಈಗಿನ ಜಾಗಕ್ಕೆ ಹೊಡೆದು ಪ್ರಯೋಜನವಿಲ್ಲ, ಮುಂದೆ ಇರಲಿರುವ ಜಾಗಕ್ಕೆ ಹೊಡೆಯಬೇಕು. ನಕ್ಷೆ ಹಾಕುವ ಕೋಣೆ, ಟೆಲಿಫೋನು ತಂತಿ, ಲೆಕ್ಕದ ಯಂತ್ರ ಎಲ್ಲ ಇದಕ್ಕೆ. ಸಿಲೋಸೋದ ವೀಕ್ಷಣಾ ಗೋಪುರಕ್ಕೆ ಹೋದಾಗ ಕಿಂಡಿಯಿಂದ ಒಂದು ಹಡಗು ಆರಿಸಿ ಒಂದು ನಿಮಿಷ ನೋಡುತ್ತಾ ನಿಲ್ಲಿ. ನಿಧಾನ ಅಂತ ಕಾಣುವ ಕಂಟೇನರ್ ಹಡಗು ಎಷ್ಟು ಸರಿಯಿತು ಅಂತ ಗೊತ್ತಾಗುತ್ತೆ.

ಹಂಪಾಪುರದ ಕಿಟ್ಟಿ
ಮೇಷ್ಟ್ರೇ, ಶಾಲೇಲಿ ಹೀಗೆ ಪಾಠ ಮಾಡಿದ್ರೆ ನಾನು ಕಾಮರ್ಸ್ ತಗೋತಿರಲಿಲ್ಲ. ಸರಿ, 1942ರ ಫಿರಂಗಿಗಳ ವಿಷಯ?

ತೋಪುಖಾನೆ
ಯುದ್ಧದ ಹೊತ್ತಿಗೆ ಸಿಲೋಸೋದಲ್ಲಿ ಹಿಂಬದಿಯಿಂದ ತುಂಬುವ ಎರಡು 6 ಇಂಚಿನ ಫಿರಂಗಿಗಳಿದ್ದವು, ಎದುರು ದಡದ ಲ್ಯಾಬ್ರಡಾರ್‌ನಲ್ಲಿ ಇನ್ನೆರಡು. ಎರಡೂ ಸೇರಿ ಕೆಪ್ಪೆಲ್ ಬಂದರಿನ ಪಶ್ಚಿಮ ಬಾಯಿಗೆ ಕಾವಲು. ಅದೇ ದ್ವೀಪದ ಕೊನಾಟ್ ಕೋಟೆಯಲ್ಲಿ ಮೂರು 9.2 ಇಂಚಿನವು. ಈ ಗಾತ್ರದ ಶ್ರೇಣಿ ಅರ್ಥಪೂರ್ಣ: 15 ಇಂಚು ಯುದ್ಧನೌಕೆಗೆ, 9.2 ಕ್ರೂಸರಿಗೆ, 6 ಅದಕ್ಕಿಂತ ಸಣ್ಣದಕ್ಕೆ, 12 ಪೌಂಡರ್ (ಗುಂಡಿನ ತೂಕ ಪೌಂಡಿನಲ್ಲಿ) ಮತ್ತು ಜೋಡಿ ನಳಿಗೆಯ 6 ಪೌಂಡರ್ ರಾತ್ರಿ ನುಗ್ಗುವ ಟಾರ್ಪಿಡೊ ದೋಣಿಗೆ.

6 ಇಂಚಿನ ಗುಂಡು 45 ಕಿಲೋ, ಕೈಯಲ್ಲೇ ಎತ್ತುತ್ತಿದ್ದರು. ಹಿಂಬಾಗಿಲು ತೆಗೆ. ಹಿಂದಿನ ಸುತ್ತಿನ ಕೆಂಡ ಉಳಿದಿರಬಹುದು, ಹಾಗಾಗಿ ಒದ್ದೆ ಕುಂಚದಿಂದ ಒಳಗೆ ಒರೆಸು. ಗುಂಡು ಇಟ್ಟು ಕೋಲಿನಿಂದ ಜೋರಾಗಿ ದಬ್ಬು. ಗುಂಡಿನ ಸೊಂಟದ ತಾಮ್ರದ ಪಟ್ಟಿ ನಳಿಗೆಯ ಕಾಲುವೆಗೆ ಕಚ್ಚಿಕೊಳ್ಳಬೇಕು. ಮೆತ್ತಗೆ ದಬ್ಬಿದರೆ ನಳಿಗೆ ಮೇಲೆತ್ತಿದಾಗ ಗುಂಡು ಜಾರಿ ಮದ್ದಿನ ಮೇಲೆ ಬಂದು ಕೂರುತ್ತೆ, ಹೊಡೆತ ಕೆಡುತ್ತೆ. ಆಮೇಲೆ ರೇಷ್ಮೆ ಬಟ್ಟೆಯ ಮದ್ದಿನ ಚೀಲ, ಹೊತ್ತಿಸುವ ಪುಡಿ ಇರುವ ತುದಿ ಹಿಂದಕ್ಕೆ ಬರುವಂತೆ. ತಿರುಗಾಮುರುಗಾ ಇಟ್ಟರೆ ಹೊತ್ತಿಕೊಳ್ಳೋದೇ ಇಲ್ಲ. ರೇಷ್ಮೆ ಯಾಕೆ ಅಂದ್ರೆ ಅದು ಪೂರ್ತಿ ಉರಿದುಹೋಗುತ್ತೆ, ಹತ್ತಿ ಬಟ್ಟೆಯ ಹಾಗೆ ಕೆಂಡವಾಗಿ ಉಳಿಯೋದಿಲ್ಲ. ಬಾಗಿಲು ಮುಚ್ಚಿ, ತೂತಿಗೆ ಸಣ್ಣ ಕೊಳವೆ ಸಿಕ್ಕಿಸಿ, ಹೊಡಿ. ಹೊತ್ತದಿದ್ದರೆ ತಕ್ಷಣ ಬಾಗಿಲು ತೆಗೆಯಬಾರದು, ಒಳಗೆ ಮೆಲ್ಲಗೆ ಉರಿಯುತ್ತಿರಬಹುದು.

ಬಾಗಿಲಿನ ತಿರುಪು ಹತ್ತಿರದಿಂದ ನೋಡಿ. ಹಲ್ಲುಗಳು ಪೂರಾ ಸುತ್ತಿಲ್ಲ, ಮಧ್ಯೆ ಮಧ್ಯೆ ಬೋಳು. ಅದಕ್ಕೇ ಹತ್ತಾರು ಸುತ್ತು ತಿರುಗಿಸದೆ ಒಳಗೆ ತಳ್ಳಿ ಸ್ವಲ್ಪ ತಿರುಗಿಸಿದರೆ ಬಿಗಿಯಾಗುತ್ತೆ.

ಜೋಡಿ 6 ಪೌಂಡರ್‌ಗೆ ಈ ಗೋಳಿಲ್ಲ. ಮದ್ದು, ಗುಂಡು ಒಂದೇ ತುಂಡು, ನಿಮಿಷಕ್ಕೆ 70ಕ್ಕೂ ಹೆಚ್ಚು ಸುತ್ತು. ಇದರ ಕೈಚಳಕ ಗೊತ್ತಾಗಿದ್ದು ಸಿಂಗಪುರದಲ್ಲಲ್ಲ, ಮಾಲ್ಟಾದಲ್ಲಿ. 1941ರ ಜುಲೈ 26ರ ಬೆಳಗಿನ ಜಾವ ವಲೆಟ್ಟಾ ಬಂದರಿಗೆ ನುಗ್ಗಿದ ಇಟಲಿಯ ಸ್ಫೋಟಕ ದೋಣಿಗಳನ್ನು ಸೇಂಟ್ ಎಲ್ಮೋ ಕೋಟೆಯ ಈ ಫಿರಂಗಿಗಳು ಕೆಲವೇ ನಿಮಿಷಗಳಲ್ಲಿ ಮುಗಿಸಿದವು.

ಕೆಪ್ಪೆಲ್ ಕಾವಲುಗಾರ
ತಪ್ಪು ದಿಕ್ಕಿನ ಕಥೆಗೆ ಬರ್ತೀನಿ. ಸಿಲೋಸೋದಲ್ಲಿ ನಿಂತು ಇದನ್ನು ಹೇಳುವ ಪ್ರವಾಸಿಗರು ಇವತ್ತಿಗೂ ಸಿಗ್ತಾರೆ.

ಮೊದಲಿಗೆ, ದಕ್ಷಿಣಕ್ಕೆ ಮುಖ ಮಾಡಿದ್ದು ತಪ್ಪಲ್ಲ, ಅವುಗಳ ಕೆಲಸವೇ ಹಡಗು ತಡೆಯೋದು. ಬಂದರಿಗೆ ನೇರ ನೌಕಾದಾಳಿ ಆಗಲಿಲ್ಲ ಅಂದ್ರೆ ಆ ಕೆಲಸ ಅಷ್ಟರಮಟ್ಟಿಗೆ ನಡೆಯಿತು. ಎರಡನೆಯದು, ಎಷ್ಟೋ ಫಿರಂಗಿಗಳು ತಿರುಗಿದವು, ನೆಲದ ಕಡೆಗೆ ಹೊಡೆದವು. ಚಾಂಗಿಯ ಜೋಹೋರ್ ಬ್ಯಾಟರಿಯ 15 ಇಂಚಿನವೂ ಹೊಡೆದವು. ಲ್ಯಾಬ್ರಡಾರ್‌ನವು ಪಾಸಿರ್ ಪಂಜಾಂಗ್ ಕಾಳಗದಲ್ಲಿ ಮಲಯ್ ರೆಜಿಮೆಂಟಿಗೆ ನೆರವಾದವು. ತಿರುಗಲಾರದೆ ಸುಮ್ಮನೆ ಕೂತದ್ದು ಬೂಯೊನಾ ವಿಸ್ಟಾ ಬ್ಯಾಟರಿಯ ಎರಡು 15 ಇಂಚಿನವು. ಕಥೆ ಹುಟ್ಟಿದ್ದಕ್ಕೆ ಅಷ್ಟು ಆಧಾರ ಇದೆ.

ಸಮಸ್ಯೆ ದಿಕ್ಕಿನದ್ದಲ್ಲ, ಗುಂಡಿನದ್ದು. ದಾಸ್ತಾನಿದ್ದವು ಹೆಚ್ಚಾಗಿ ಕವಚಭೇದಕ ಗುಂಡುಗಳು. ಅವುಗಳ ಗೋಡೆ ದಪ್ಪ, ಒಳಗಿನ ಸ್ಫೋಟಕ ಕಡಿಮೆ. ಉಕ್ಕಿನ ತಟ್ಟೆ ತೂರಿ ಹಡಗಿನ ಹೊಟ್ಟೆಯಲ್ಲಿ ಸಿಡಿಯಲಿ ಅಂತ ಫ್ಯೂಸು ತುಸು ತಡವಾಗಿ ಕೆಲಸ ಮಾಡುತ್ತೆ. ಅದನ್ನೇ ರಬ್ಬರ್ ತೋಟದ ಮೆತ್ತನೆ ಮಣ್ಣಿಗೆ ಹೊಡೆದರೆ ಆಳಕ್ಕೆ ಹೂತುಹೋಗಿ ಅಲ್ಲೇ ಸಿಡಿಯುತ್ತೆ. ಮೇಲೆ ಮಣ್ಣು ಚಿಮ್ಮುತ್ತೆ, ಹತ್ತು ಮಾರು ಆಚೆಯ ಸೈನಿಕನಿಗೆ ಗೀರೂ ಆಗದಿರಬಹುದು. ಪದಾತಿಗಳ ಮೇಲೆ ಬೇಕಾದದ್ದು ನೆಲ ಮುಟ್ಟಿದ ಕ್ಷಣ ಚೂರುಚೂರಾಗುವ ಗುಂಡು. ಅದು ತೀರಾ ಕಡಿಮೆ ಇತ್ತು. ಜೊತೆಗೆ, ಈ ಫಿರಂಗಿಗಳ ಗುಂಡು ಚಪ್ಪಟೆ ದಾರಿಯಲ್ಲಿ ಹೋಗುತ್ತೆ, ಗುಡ್ಡದ ಮರೆಯಲ್ಲಿ ಕೂತವರ ಮೇಲೆ ಇಳಿಯೋದಿಲ್ಲ. ಗುಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳುವವರೂ ಬೇಕು. ಸಮುದ್ರದಲ್ಲಾದರೆ ಬಿದ್ದಲ್ಲಿ ನೀರಿನ ಕಂಬ ಏಳುತ್ತೆ, ಮರಗಳ ನಡುವೆ ಏನೂ ಕಾಣದು.

1942ರ ಫೆಬ್ರವರಿ 8ರ ರಾತ್ರಿ ಜಪಾನೀಯರು ಉತ್ತರದ ಜೋಹೋರ್ ಜಲಸಂಧಿ ದಾಟಿದರು, 15ಕ್ಕೆ ಶರಣಾಗತಿ. ವಾಯುಬಲ ಇಲ್ಲದ್ದು, ಉತ್ತರ ದಡದಲ್ಲಿ ಗಟ್ಟಿ ರಕ್ಷಣೆ ಕಟ್ಟದ್ದು, ನೀರಿನ ಅಭಾವ, ಇವನ್ನೆಲ್ಲ ಬಿಟ್ಟು ಫಿರಂಗಿಯ ಮೂತಿಗೆ ಬೈದರೆ ಕಥೆ ಚೊಕ್ಕವಾಗುತ್ತೆ, ಇತಿಹಾಸ ಆಗೋದಿಲ್ಲ.

ಮಲೆನಾಡ್ ಮಿಣುಕು
ಆದರೆ ಸರ್, ನೆಲದ ಮೇಲೆ ಸಿಡಿಯುವ ಗುಂಡು ತರಿಸಿಡದಿದ್ದದ್ದೂ "ಶತ್ರು ಸಮುದ್ರದಿಂದಲೇ ಬರ್ತಾನೆ" ಅಂತ ನಂಬಿದ್ದರಿಂದಲೇ ಅಲ್ವಾ? ಹಾಗಾದ್ರೆ ಜನ ಹೇಳೋದು ತೀರಾ ಸುಳ್ಳಲ್ಲ. ಮೂತಿ ಅಲ್ಲ, ತಲೆ ಆ ಕಡೆ ತಿರುಗಿತ್ತು.

ಕೆಪ್ಪೆಲ್ ಕಾವಲುಗಾರ
ಅರ್ಧ ಒಪ್ಪುತ್ತೇನೆ. ಉತ್ತರದ ಮಲಯಾ (ಈಗಿನ ಮಲೇಷ್ಯಾದ ಭಾಗ) ಕಡೆಯಿಂದ ದಾಳಿ ಬರಬಹುದು ಅಂತ ಅಲ್ಲಿನ ಸೇನಾಧಿಕಾರಿಗಳೇ 1930ರ ದಶಕದಲ್ಲಿ ಎಚ್ಚರಿಸಿದ್ದರು. ಗೊತ್ತಿದ್ದೂ ದುಡ್ಡು ಬಿಚ್ಚಲಿಲ್ಲ ಅನ್ನೋದು ಹೆಚ್ಚು ಸರಿ.

ಬೂನ್‌ಲೇ ಭಟ್ಟ
ಜೋಹೋರ್ ಬ್ಯಾಟರಿ ಹೆಸರು ಬಂತಲ್ಲ, ನಿರೀಕ್ಷೆ ತಗ್ಗಿಸಿಕೊಂಡು ಹೋಗಿ. ಅಲ್ಲಿ ನಿಂತಿರೋದು ಪ್ರತಿಕೃತಿ. ಮೂಲ ಫಿರಂಗಿಗಳನ್ನು ಶರಣಾಗತಿಗೆ ಮುನ್ನ ಬ್ರಿಟಿಷರೇ ಹಾಳುಮಾಡಿದರು, ಉಳಿದದ್ದು ಗುಜರಿಗೆ ಹೋಯಿತು. ನೆಲದಡಿಯ ಮದ್ದಿನ ಮನೆಗಳು 1991ರಲ್ಲಿ ಮತ್ತೆ ಸಿಕ್ಕವು, ಆದರೆ ಒಳಗೆ ಬಿಡೋದಿಲ್ಲ. ನೋಡಬೇಕಾದ್ದು ಗಾತ್ರ: ಗುಂಡು 800 ಕಿಲೋಗೂ ಮೇಲೆ, ಮನುಷ್ಯನ ಎದೆಮಟ್ಟ. ಜೋಹೋರ್ ಸುಲ್ತಾನ 1935ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬಕ್ಕೆ ಕೊಟ್ಟ 5 ಲಕ್ಷ ಪೌಂಡಿನಲ್ಲಿ ಬಹುಪಾಲು ಇವಕ್ಕೇ ಹೋಯಿತು, ಹೆಸರು ಬಂದದ್ದು ಹಾಗೆ. ಚಾಂಗಿ ಚಾಪೆಲ್ ಮ್ಯೂಸಿಯಂಗೆ ಹೋಗುವವರು ಟ್ಯಾಕ್ಸಿಯಲ್ಲಿ ಇದನ್ನೂ ಸೇರಿಸಬಹುದು, ಇದೊಂದಕ್ಕೇ ಊರಾಚೆ ಹೋಗಬೇಡಿ.

ಲ್ಯಾಬ್ರಡಾರ್ ಹಾಗಲ್ಲ. ಸರ್ಕಲ್ ಲೈನಿನ ಲ್ಯಾಬ್ರಡಾರ್ ಪಾರ್ಕ್ ನಿಲ್ದಾಣ ಹಾರ್ಬರ್‌ಫ್ರಂಟಿಗೆ ಹತ್ತಿರ. ಪಾರ್ಕು ಉಚಿತ. ಹಳೇ ಕೋಟೆಯ ಬಾಗಿಲು, ನೀರಿನಂಚಿನ ಮೆಷಿನ್‌ಗನ್ ಗೂಡು, ಮೇಲೆ ಫಿರಂಗಿ ಕಟ್ಟೆಗಳು ಕಾಣುತ್ತವೆ. ಈಗ ಕೂರಿಸಿರುವ 6 ಇಂಚಿನ ಫಿರಂಗಿ ಬೇರೆಡೆಯಿಂದ ತಂದದ್ದು. ಸುರಂಗಗಳು ಮುಚ್ಚಿವೆ. ಕಟ್ಟೆಗಳಿಗೆ ಏರು ದಾರಿ ಇದೆ, ಅಪ್ಪನನ್ನು ಕೆಳಗೆ ಕಡಲ ಬದಿ ಬೆಂಚಿನಲ್ಲಿ ಕೂರಿಸಿ. ಅಲ್ಲಿಂದ ಎದುರಿಗೇ ಸೆಂಟೋಸಾ, ನಡುವಿನ ಕಾಲುವೆ ಎಷ್ಟು ಕಿರಿದು ಅಂತ ಗೊತ್ತಾದರೆ ಎರಡು ದಡಕ್ಕೂ ಫಿರಂಗಿ ಯಾಕೆ ಅನ್ನೋದು ತಾನೇ ತಿಳಿಯುತ್ತೆ.

ಸಿಲೋಸೋದ ಮೇಣದ ಬೊಂಬೆಗಳ ಬಗ್ಗೆ ಒಂದು ಮಾತು. 1942ರ ಬ್ರಿಟಿಷರ, 1945ರ ಜಪಾನೀಯರ ಎರಡೂ ಶರಣಾಗತಿಗಳನ್ನು ಅಲ್ಲಿ ತೋರಿಸಿದ್ದಾರೆ, ಆದರೆ ಯಾವುದೂ ಅಲ್ಲಿ ನಡೆದದ್ದಲ್ಲ. ಮೊದಲನೆಯದು ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ, ಎರಡನೆಯದು ಸೆಪ್ಟೆಂಬರ್ 12ರಂದು ಊರೊಳಗಿನ ಮುನಿಸಿಪಲ್ ಕಟ್ಟಡದಲ್ಲಿ.

ಕ್ಯಾಮೆರಾ ಕಾಕಾ
ಫೋಟೋದವರಿಗೆ: ಎಸಿ ರೈಲಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸ್ ಮಂಜು ಹಿಡಿಯುತ್ತೆ, ಬಟ್ಟೆಯಿಂದ ಎಷ್ಟು ಒರೆಸಿದರೂ ಮತ್ತೆ ಬರುತ್ತೆ. ಚೀಲದಲ್ಲೇ ಕಾಲು ಗಂಟೆ ಬಿಡಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಸುರಂಗದ ಫ್ಲ್ಯಾಶ್ ಫೋಟೋ ಸಪ್ಪೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಗೋಡೆಗೆ ಸವರಿ ಬಿಟ್ಟರೆ ಇಟ್ಟಿಗೆ ಸಾಲು, ಕೆತ್ತಿದ ಗುರುತು ಎದ್ದು ಕಾಣುತ್ತೆ. ಡ್ರೋನ್ ತರಲೇಬೇಡಿ, ಆ ಊರಲ್ಲಿ ಅದರ ಕಾಯಿದೆ ಬಿಗಿ. ಮಳೆ ನಿಂತ ಮೇಲೆ ಕಟ್ಟೆಯ ಸಿಮೆಂಟು ಪಾಚಿಗೆ ಜಾರುತ್ತೆ, ಚಪ್ಪಲಿ ಬೇಡ, ಹಿಡಿತದ ಶೂ ಹಾಕಿ.

ಅರಮನೆ ಮೈದಾನ
ನಮ್ಮ ಕಡೆಯ ನಂಟು ಯಾರೂ ಹೇಳಲಿಲ್ಲ. ಮೈಸೂರು ಸಂಸ್ಥಾನದ ಪದಾತಿ ಬೆಟಾಲಿಯನ್ ಒಂದು ಮಲಯಾ ಕಾಳಗಕ್ಕೆ ಹೋದ ಭಾರತೀಯ ಪಡೆಗಳಲ್ಲಿತ್ತು. ಕರಾವಳಿ ಫಿರಂಗಿಗಳಿಗೂ ಹಾಂಗ್‌ಕಾಂಗ್-ಸಿಂಗಪುರ ರಾಯಲ್ ಆರ್ಟಿಲರಿ ಅನ್ನುವ ದಳದ ಭಾರತೀಯರು ದುಡಿದರು, ಹೆಚ್ಚಿನವರು ಪಂಜಾಬಿನವರು. ಕ್ರಾಂಜಿ ಯುದ್ಧ ಸ್ಮಾರಕದ ಕಂಬಗಳಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ, ಭಾರತೀಯರದ್ದೇ ದೊಡ್ಡ ಪಾಲು. ಕ್ರಾಂಜಿ ಎಂಆರ್‌ಟಿಯಿಂದ ನಡೆದೇ ಹೋಗಬಹುದು. ಹೆಸರುಗಳು ದಳದ ಪ್ರಕಾರ ಇವೆ, ಹಾಗಾಗಿ ಯಾವ ದಳ ಅಂತ ಮೊದಲೇ ತಿಳಿದು ಹೋದರೆ ಹುಡುಕೋದು ಸುಲಭ.

ಕರಾವಳಿ ಕೋಳಿಪಡೆ
ಯುರೋಪಿಗೆ ಹೋಗುವವರು ನಾರ್ಮಂಡಿಯ ಲೋಂಗ್-ಸುರ್-ಮೆರ್ ಬಿಡಬೇಡಿ. ಬಾಯೂ ಊರಿಂದ ಕೆಲವೇ ಕಿ.ಮೀ., ಒಳಗೆ ಹೋಗಲು ಕಾಸಿಲ್ಲ. ಜರ್ಮನರ ನಾಲ್ಕು 15 ಸೆಂ.ಮೀ. ನೌಕಾ ಫಿರಂಗಿಗಳು ತಮ್ಮ ಕಾಂಕ್ರೀಟ್ ಗೂಡುಗಳಲ್ಲೇ ಇವೆ, ಒಂದು ಮಾತ್ರ ಛಿದ್ರ. ಗೂಡುಗಳು ಬಂಡೆಯಂಚಿಗಿಂತ ಹಿಂದೆ ಹೊಲದಲ್ಲಿವೆ, ಅಲ್ಲಿಂದ ನೇರ ಸಮುದ್ರ ನೋಡಿ ಗುರಿ ಇಡೋದಲ್ಲ. ಲೆಕ್ಕ ಹಾಕುವ ಠಾಣೆ ಅಂಚಿನಲ್ಲಿ, ನಡುವೆ ಟೆಲಿಫೋನ್ ತಂತಿ. 1944ರ ಜೂನ್ ಮೊದಲ ವಾರದ ಬಾಂಬ್ ದಾಳಿಯಲ್ಲಿ ಆ ತಂತಿಗಳಿಗೇ ಪೆಟ್ಟು ಬಿತ್ತು. ಗೂಡು ಗಟ್ಟಿ ಇದ್ದು ಪ್ರಯೋಜನವಿಲ್ಲ, ಕಣ್ಣಿಗೂ ಕೈಗೂ ಮಾತು ನಿಂತರೆ ಹೊಡೆತ ಅಂದಾಜಿನದ್ದು. ಜೂನ್ 7ಕ್ಕೆ ಬ್ರಿಟಿಷರ ಕೈಸೇರಿತು. ಮೇಷ್ಟ್ರು ಹೇಳಿದ್ದನ್ನು ಓದಿ ಹೋದರೆ ಅಂಚಿನ ಠಾಣೆಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೀರಿ. ಬಂಡೆಯ ಅಂಚು ಕುಸಿಯುವಂಥದ್ದು, ಬೇಲಿ ದಾಟಬೇಡಿ.

ವಿದೇಶ ಬೇಡ ಅನ್ನುವವರಿಗೆ ಮುಂಬೈನ ಎಲಿಫೆಂಟಾ ಇದೆ. ಗುಹೆ ನೋಡಿ ಎಲ್ಲರೂ ಇಳಿದುಬಿಡ್ತಾರೆ, ಗುಡ್ಡದ ನೆತ್ತಿಗೆ ಹತ್ತಿದರೆ ಎರಡು ದೊಡ್ಡ ಫಿರಂಗಿಗಳಿವೆ. ಸೋಮವಾರ ಗುಹೆ ರಜೆ, ಬೇರೆ ದಿನ ಹೋಗಿ.

ಹಂಪಾಪುರದ ಕಿಟ್ಟಿ
ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಹತ್ತಕ್ಕೆ ಲಿಫ್ಟಿನಲ್ಲಿ ಸಿಲೋಸೋ, ಒಂದರವರೆಗೆ ಅಲ್ಲಿ, ವಿವೋಸಿಟಿಯಲ್ಲಿ ಊಟ, ನಾಲ್ಕರ ಮೇಲೆ ಲ್ಯಾಬ್ರಡಾರ್. ಸುರಂಗದಲ್ಲಿ ಅಪ್ಪನಿಗೆ ಕಷ್ಟ ಆಗುತ್ತಾ?

ಬೂನ್‌ಲೇ ಭಟ್ಟ
ಸರಿಯಾಗಿದೆ. ಸುರಂಗದ ಬಾಯಲ್ಲಿ ಕೆಲವು ಕಡೆ ಮೆಟ್ಟಿಲಿದೆ, ಒಳಗೆ ಸೆಕೆ. ಮದ್ದಿನ ಮನೆ ಒಂದನ್ನು ತೋರಿಸಿ, ಮಿಕ್ಕವಕ್ಕೆ ನೀವೊಬ್ಬರೇ ಇಳಿದು ಬನ್ನಿ. ಇಳಿಯುವಾಗ ಗುಡ್ಡದ ರಸ್ತೆ ಬೇಡ, ಇಳಿಜಾರು ಮಂಡಿಗೆ ಏರಿಗಿಂತ ಕೆಟ್ಟದ್ದು. ವಾಪಸ್ಸೂ ಸ್ಕೈವಾಕ್ ಲಿಫ್ಟಿನಲ್ಲೇ ಬನ್ನಿ.